128 ಹಾಕಿದರೆ 96 ತೋರಿಸುವ ಸರ್ವರ್: ಸಾಕೆಟ್ ದೋಷ ಹುಡುಕುವ ಬಗೆ

"16 ಜಿಬಿಯ ಎಂಟು ರ್‍ಯಾಮ್ ಹಾಕಿದ್ದೀವಿ, 128 ಬರಬೇಕಿತ್ತು, 96 ಅಷ್ಟೇ ತೋರಿಸ್ತಿದೆ." ಹಾಸನ, ಚಿಕ್ಕಮಗಳೂರು ಕಡೆ ಸಹಕಾರ ಸಂಘ, ನರ್ಸಿಂಗ್ ಹೋಂ, ಕಾಫಿ ಕ್ಯೂರಿಂಗ್ ಕಚೇರಿ, ಕಾಲೇಜು ಲ್ಯಾಬ್ ಎಲ್ಲಿಂದ ಕರೆ ಬಂದರೂ ಸರ್ವರ್ ದೂರಿನ ಧಾಟಿ ಸಾಮಾನ್ಯವಾಗಿ ಇದೇ. ಮೊದಲು ಎಲ್ಲರೂ ರ್‍ಯಾಮ್ ಬದಲಿಸುತ್ತಾರೆ. ಆದರೆ ಲೆಕ್ಕ ಗಮನಿಸಿ: ಕಡಿಮೆಯಾಗಿರುವುದು 32, ಅಂದರೆ ಎರಡು ಸ್ಟಿಕ್. ಆ ಎರಡೂ ಒಂದೇ ಚಾನೆಲ್‌ನ (ಪ್ರೊಸೆಸರ್‌ಗೂ ಕೆಲವು ಸ್ಲಾಟುಗಳಿಗೂ ನಡುವಿನ ಡೇಟಾ ದಾರಿ) ಅಕ್ಕಪಕ್ಕದ ಸ್ಲಾಟಿನವಾಗಿದ್ದರೆ, ಎರಡು ರ್‍ಯಾಮ್ ಒಂದೇ ದಿನ ಹೇಳಿ ಮಾಡಿಸಿದಂತೆ ಕೆಟ್ಟವು ಎಂದು ನಂಬುವುದು ಕಷ್ಟ. ಆ ಎರಡಕ್ಕೂ ಸಮಾನವಾದದ್ದು ಒಂದೇ ದಾರಿ. ಅದು ಪ್ರೊಸೆಸರ್‌ನ ಅಡಿಯಲ್ಲಿರುವ ಸಾಕೆಟ್‌ನ ಪಿನ್ನುಗಳನ್ನು ಹಾದು ಹೋಗುತ್ತದೆ.

ಯಾವ ಕಾಲದ ಸಾಕೆಟ್, ಅದರ ಪಿನ್ನುಗಳು ಏನು ಹೊರುತ್ತವೆ ಎಂಬುದು ಗೊತ್ತಿದ್ದರೆ ಅರ್ಧ ದೋಷ ಕುಳಿತಲ್ಲೇ ಸಿಗುತ್ತದೆ. ಹಾಗಾಗಿ ಸ್ಕ್ರೂಡ್ರೈವರ್‌ಗೆ ಮೊದಲು ಸ್ವಲ್ಪ ಚರಿತ್ರೆ.

ಪಿನ್ನು ಏಕೆ ಬೋರ್ಡಿಗೆ ಬಂತು

1995ರ ಇಂಟೆಲ್ ಪೆಂಟಿಯಂ ಪ್ರೊ ಪ್ರೊಸೆಸರ್ ಕೂರುತ್ತಿದ್ದ ಸಾಕೆಟ್ 8ಕ್ಕೆ 387 ಪಿನ್. 1998ರಲ್ಲಿ ಇಂಟೆಲ್‌ನ ಸರ್ವರ್ ಪ್ರೊಸೆಸರ್ ಝಿಯಾನ್ ಮೊದಲು ಬಂದದ್ದು ಕಾರ್ಡಿನಂತೆ ನಿಲ್ಲಿಸಿ ಸಿಕ್ಕಿಸುವ ಸ್ಲಾಟ್ 2ಕ್ಕೆ. 2001ರಲ್ಲಿ ಮತ್ತೆ ಸಾಕೆಟ್‌ಗೆ ಮರಳಿ 603 ಪಿನ್ ಆಯಿತು, ಮರುವರ್ಷ 604. 603ರ ಪ್ರೊಸೆಸರ್ 604ರ ಸಾಕೆಟ್‌ನಲ್ಲಿ ಕೂರುತ್ತದೆ, 604ರದ್ದು 603ರಲ್ಲಿ ಕೂರುವುದಿಲ್ಲ. ಹೆಚ್ಚಿನ ಆ ಒಂದು ಪಿನ್ನಿಗೆ ಹಳೆಯ ಸಾಕೆಟ್‌ನಲ್ಲಿ ತೂತೇ ಇಲ್ಲ. ಇಲ್ಲಿಯವರೆಗೆ ಪಿನ್ನುಗಳಿದ್ದದ್ದು ಪ್ರೊಸೆಸರ್‌ನ ಹೊಟ್ಟೆಯಲ್ಲಿ. ರ್‍ಯಾಮ್ ಜೊತೆ ಮಾತಾಡುವ ಕೆಲಸ ಬೋರ್ಡಿನ ಮೇಲಿದ್ದ ನಾರ್ತ್‌ಬ್ರಿಜ್ ಎಂಬ ಬೇರೆ ಚಿಪ್ಪಿನದು. ಅಂಥ ಯಂತ್ರದಲ್ಲಿ ರ್‍ಯಾಮ್ ಕಾಣದಿದ್ದರೆ ಸಾಕೆಟ್ಟನ್ನು ಬಿಚ್ಚುವುದು ವೃಥಾ ಶ್ರಮ.

2003ರಲ್ಲಿ ಪ್ರತಿಸ್ಪರ್ಧಿ ಕಂಪನಿ ಎಎಂಡಿಯ ಆಪ್ಟೆರಾನ್ ಪ್ರೊಸೆಸರ್ ಆ ಕೆಲಸ ಮಾಡುವ ಮೆಮೊರಿ ಕಂಟ್ರೋಲರನ್ನು ಪ್ರೊಸೆಸರ್ ಒಳಕ್ಕೆ ಎಳೆದುಕೊಂಡಿತು. ಪಿನ್ 940ಕ್ಕೆ ಏರಿತು. 2006ರಲ್ಲಿ ಎರಡೂ ಕಂಪನಿಗಳು ಸರ್ವರ್ ಸಾಕೆಟ್ಟನ್ನು ಎಲ್‌ಜಿಎಗೆ ಬದಲಿಸಿದವು: ಇಂಟೆಲ್‌ನದು 771, ಎಎಂಡಿಯ ಸಾಕೆಟ್ ಎಫ್ 1207. ಈಗ ಪ್ರೊಸೆಸರ್‌ನ ಅಡಿಯಲ್ಲಿ ಚಿನ್ನದ ಲೇಪದ ಚಪ್ಪಟೆ ಚುಕ್ಕೆ ಮಾತ್ರ. ಪಿನ್ನು ಬಾಗಿದ ಸ್ಪ್ರಿಂಗಿನ ರೂಪದಲ್ಲಿ ಬೋರ್ಡಿನ ಕಡೆಗೆ ಹೋಯಿತು. ಒತ್ತೊತ್ತಾಗಿ ಹೆಚ್ಚು ಸಂಪರ್ಕ ಕೂರಿಸಬಹುದು, ಹೆಚ್ಚು ವೇಗದ ಸಿಗ್ನಲ್ ಕಳಿಸಬಹುದು. ದುಬಾರಿ ಪ್ರೊಸೆಸರ್‌ನ ಕಾಲು ಮುರಿಯುವ ಭಯವೂ ಹೋಯಿತು. ಮುರಿಯುವ ಸರದಿ ಬೋರ್ಡಿಗೆ ಬಂತು, ಅಷ್ಟೇ.

771ರ ಝಿಯಾನ್ ಇನ್ನೂ ನಾರ್ತ್‌ಬ್ರಿಜ್ ಮೂಲಕವೇ ರ್‍ಯಾಮ್ ಮುಟ್ಟುತ್ತಿತ್ತು. ಇಂಟೆಲ್ ಕಡೆ ಗೆರೆ ಎಳೆಯಬೇಕಾದದ್ದು 2009ರ ಝಿಯಾನ್ 5500 ಸರಣಿಯಲ್ಲಿ, ಎಲ್‌ಜಿಎ 1366ರ ಸಾಕೆಟ್‌ನಲ್ಲಿ: ಕಂಟ್ರೋಲರ್ ಒಳಗೆ, ಮೂರು ಚಾನೆಲ್. ಅಲ್ಲಿಂದಾಚೆ ಪಿನ್ನಿನ ಸಂಖ್ಯೆ ಮೆಮೊರಿ ಚಾನೆಲ್ಲಿನ ಬಾಲ ಹಿಡಿದೇ ಏರಿದೆ. 2012ರ ಇ5 ಝಿಯಾನ್‌ಗೆ ಎಲ್‌ಜಿಎ 2011, ನಾಲ್ಕು ಚಾನೆಲ್. 2017ರಲ್ಲಿ ಎಲ್‌ಜಿಎ 3647ಕ್ಕೆ ಆರು. ಎಂಟು ಚಾನೆಲ್ಲಿನ ಐಸ್ ಲೇಕ್ ಝಿಯಾನ್ 2021ರಲ್ಲಿ ಬಂದದ್ದು 4189ಕ್ಕೆ. ಡಿಡಿಆರ್5 ಪೀಳಿಗೆಯ ಮೆಮೊರಿಯ ಜೊತೆ 2023ರಲ್ಲಿ 4677. ಎಎಂಡಿಯ ಎಪಿಕ್ 2017ರಲ್ಲಿ ಎಸ್‌ಪಿ3 ಸಾಕೆಟ್‌ನಲ್ಲಿ 4094 ಸಂಪರ್ಕ, ಎಂಟು ಚಾನೆಲ್ ಕೊಟ್ಟಿತು. 2022ರ ಎಸ್‌ಪಿ5ರಲ್ಲಿ 6096 ಮತ್ತು ಹನ್ನೆರಡು.

ಇಷ್ಟೂ ಪಿನ್ನಿನಲ್ಲಿ ದೊಡ್ಡ ಪಾಲು ಕರೆಂಟು ಮತ್ತು ಗ್ರೌಂಡಿನದು. ಒಂದೇ ಕೆಲಸವನ್ನು ನೂರಾರು ಪಿನ್ ಹಂಚಿಕೊಂಡಿರುವುದರಿಂದ ಅವುಗಳಲ್ಲಿ ಒಂದು ಸೊಟ್ಟಗಾದರೆ ಯಂತ್ರ ಏನೂ ಆಗದಂತೆ ಓಡಬಹುದು. ಡೇಟಾ ಪಿನ್ ಹಾಗಲ್ಲ. ಅದಕ್ಕೆ ಬದಲಿ ಇಲ್ಲ. ಒಂದು ಡೇಟಾ ಪಿನ್ ಮುಟ್ಟದಿದ್ದರೆ ಆ ಚಾನೆಲ್ ಪೂರ್ತಿ ಮಾಯವಾಗುತ್ತದೆ, ಇಲ್ಲವೇ ಇಸಿಸಿ (ಮೆಮೊರಿಯ ತಪ್ಪನ್ನು ತಾನೇ ಹಿಡಿದು ತಿದ್ದುವ ವ್ಯವಸ್ಥೆ) ತಿದ್ದಿದ ದೋಷಗಳು ದಿನವಿಡೀ ಲಾಗ್‌ನಲ್ಲಿ ತುಂಬುತ್ತವೆ. ಕಾರ್ಡ್ ಸ್ಲಾಟುಗಳ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್‌ನ ಪಿನ್ ಹೋದರೆ 16 ಲೇನ್ (ಡೇಟಾ ಸಾಲು) ಕಾರ್ಡು 8ರಲ್ಲೋ 4ರಲ್ಲೋ ಓಡುತ್ತದೆ. ಎರಡು ಪ್ರೊಸೆಸರ್ ನಡುವಿನ ಕೊಂಡಿಯ ಪಿನ್ ಹೋದರೆ ಎರಡನೆಯದು ಕಾಣಿಸುವುದೇ ಇಲ್ಲ.

ಬಿಚ್ಚುವ ಮುಂಚೆ

ಸಾಕೆಟ್ಟನ್ನು ತೆರೆದಷ್ಟೂ ಹಾಳಾಗುವ ಅಪಾಯ ಹೆಚ್ಚು. ಆದ್ದರಿಂದ ತೆರೆಯದೆಯೇ ತಳ್ಳಿಹಾಕಬಹುದಾದ್ದನ್ನೆಲ್ಲ ಮೊದಲು ತಳ್ಳಿಹಾಕಿ.

ಬಿಎಂಸಿಯ (ಸರ್ವರ್ ಬೋರ್ಡಿನ ಮೇಲೆ ಯಂತ್ರವನ್ನು ಕಾಯುವ ಪುಟ್ಟ ಚಿಪ್ಪು) ವೆಬ್ ಪುಟದಲ್ಲಿ ಅಥವಾ ಅದರ ಜೊತೆ ಮಾತಾಡುವ ಐಪಿಎಂಐ ಟೂಲ್‌ನಲ್ಲಿ ಈವೆಂಟ್ ಲಾಗ್ ತೆಗೆದು, ದೋಷ ಯಾವ ಪ್ರೊಸೆಸರ್, ಯಾವ ಸ್ಲಾಟು, ಯಾವ ಹೊತ್ತಿನಲ್ಲಿ ಎಂದು ಬರೆದಿಟ್ಟುಕೊಳ್ಳಿ. ಲಾಗ್ ಅಳಿಸುವುದು ಆಮೇಲೆ. ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಸೆಟಪ್‌ಗೆ ಹೋಗಿ ಮೆಮೊರಿ ಮಿರರಿಂಗ್, ಅಂದರೆ ಒಂದೇ ಡೇಟಾವನ್ನು ಎರಡು ಕಡೆ ಬರೆದಿಡುವುದು, ಆನ್ ಆಗಿದೆಯೇ ನೋಡಿ; ಆಗಿದ್ದರೆ ಅರ್ಧ ಮೆಮೊರಿ ಕಾಣದಿರುವುದೇ ಸರಿ. ಕೆಲವು ಬೋರ್ಡು ಒಮ್ಮೆ ದೋಷ ಕಂಡ ಸ್ಲಾಟನ್ನು ತಾನೇ ಮುಚ್ಚಿಬಿಡುತ್ತದೆ. ಹೊಸ ರ್‍ಯಾಮ್ ಹಾಕಿದರೂ ಸೆಟಪ್‌ನಲ್ಲಿ ಮತ್ತೆ ತೆರೆಯುವವರೆಗೆ ಅದು ಸತ್ತಂತೆಯೇ ಇರುತ್ತದೆ.

ಎರಡು ಸಾಕೆಟ್ ಇರುವ ಬೋರ್ಡಿನಲ್ಲಿ ಒಂದೇ ಪ್ರೊಸೆಸರ್ ಇದ್ದರೆ ಅದು ಒಂದನೇ ಸಾಕೆಟ್‌ನಲ್ಲಿರಬೇಕು. ಎರಡನೆಯದಕ್ಕೆ ಸೇರಿದ ರ್‍ಯಾಮ್ ಸ್ಲಾಟ್, ಕಾರ್ಡ್ ಸ್ಲಾಟ್ ಎಲ್ಲವೂ ಆಗ ಸುಮ್ಮನಿರುತ್ತವೆ. ಇದು ದೋಷವಲ್ಲ, ಆದರೂ ಇದಕ್ಕೆಂದೇ ಬೋರ್ಡ್ ಬದಲಿಸಿದವರಿದ್ದಾರೆ. ಎರಡನೇ ಪ್ರೊಸೆಸರ್ ಇದ್ದೂ ಕಾಣದಿದ್ದರೆ ಅದರ ಪಕ್ಕದ 8 ಪಿನ್ನಿನ ಪವರ್ ಕೇಬಲ್ ಪೂರ್ತಿ ಕಚ್ಚಿದೆಯೇ ಎಂದು ಮೊದಲು ಒತ್ತಿ ನೋಡಿ.

ಇನ್ನು ಕರೆಂಟು. ಮಲೆನಾಡಿನಲ್ಲಿ ಏಪ್ರಿಲ್–ಮೇ ಗುಡುಗು ಸಿಡಿಲು, ಜೂನ್ ನಂತರ ತಂತಿ ಮೇಲೆ ಬೀಳುವ ಮರ. ಪವರ್ ಸಪ್ಲೈ ಅರೆಜೀವವಾದಾಗಲೂ ಪ್ರೊಸೆಸರ್ ದೋಷದ ಹಾಗೆಯೇ ಕಾಣುತ್ತದೆ: ಫ್ಯಾನು ಪೂರ್ತಿ ವೇಗ, ಪರದೆ ಕಪ್ಪು. ಎರಡು ಸಪ್ಲೈ ಇದ್ದರೆ ಒಂದೊಂದರಲ್ಲೇ ಓಡಿಸಿ ನೋಡಿ. ಯುಪಿಎಸ್ ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಮೀಟರ್ ಇಟ್ಟಾಗ 2–3 ವೋಲ್ಟ್ ದಾಟಿದರೆ ಎಲೆಕ್ಟ್ರಿಷಿಯನ್ ಕರೆಸುವ ಕೆಲಸ ಮೊದಲು, ಸಾಕೆಟ್ ಆಮೇಲೆ.

ಸೆಕೆಂಡ್‌ಹ್ಯಾಂಡ್ ಪ್ರೊಸೆಸರ್ ತಂದು ಹಾಕಿದ ಮೇಲೆ ಯಂತ್ರ ಏಳುತ್ತಲೇ ಇಲ್ಲವೆಂದರೆ ಬೇರೆ ಎರಡು ಅನುಮಾನ. ಒಂದು, ಬಯೋಸ್ ಹಳೆಯದು: 2017ರ ಸ್ಕೈಲೇಕ್ ಪೀಳಿಗೆಯ ಝಿಯಾನ್ ಬೋರ್ಡಿಗೆ 2019ರ ಕ್ಯಾಸ್ಕೇಡ್ ಲೇಕ್ ಪೀಳಿಗೆಯದು ಹಾಕುವುದಾದರೆ ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಏರಿಸಿಕೊಳ್ಳಬೇಕು. ಎರಡು, ಎಪಿಕ್ ಪ್ರೊಸೆಸರ್‌ಗೆ ಬೀಗ: ಕೆಲವು ತಯಾರಕರ ಸರ್ವರ್‌ನಲ್ಲಿ ಒಮ್ಮೆ ಓಡಿದ ಎಪಿಕ್ ಚಿಪ್ಪಿನೊಳಗಿನ ಫ್ಯೂಸ್ ಆ ತಯಾರಕರ ಹೆಸರಿಗೇ ಸುಟ್ಟುಕೊಳ್ಳುತ್ತದೆ, ಬೇರೆಯವರ ಬೋರ್ಡಿನಲ್ಲಿ ಮತ್ತೆ ಏಳುವುದಿಲ್ಲ. ಸಾಕೆಟ್ ಎಷ್ಟು ಸಲ ತೊಳೆದರೂ ಉಪಯೋಗವಿಲ್ಲ. ಕೊಳ್ಳುವಾಗಲೇ ಬೀಗವಿಲ್ಲವೆಂದು ಕೇಳಿ ಬರೆಸಿಕೊಳ್ಳಿ.

ಇಷ್ಟಾದ ಮೇಲೆ ರ್‍ಯಾಮ್ ಅದಲುಬದಲು. ಕಾಣದ ಚಾನೆಲ್‌ನ ಸ್ಟಿಕ್ ತೆಗೆದು ಕಾಣುವ ಚಾನೆಲ್‌ಗೆ, ಅಲ್ಲಿನದನ್ನು ಇಲ್ಲಿಗೆ. ದೋಷ ಸ್ಟಿಕ್ ಹಿಂದೆ ಹೋದರೆ ಸ್ಟಿಕ್ ಕೆಟ್ಟಿದೆ, ಕೆಲಸ ಮುಗಿಯಿತು. ಸ್ಲಾಟ್‌ನಲ್ಲೇ ಉಳಿದರೆ ಈಗ ಸಾಕೆಟ್ ತೆರೆಯಬಹುದು.

ತೆರೆದು ನೋಡುವುದು

ಪವರ್ ಕೇಬಲ್ ಎಲ್ಲವನ್ನೂ ಕಿತ್ತು, ಬೋರ್ಡಿನ ಮೇಲಿನ ಸ್ಟ್ಯಾಂಡ್‌ಬೈ ದೀಪ ಆರುವವರೆಗೆ ಕಾಯಿರಿ. ಯಂತ್ರ ಆಫ್ ಇದ್ದರೂ ಬಿಎಂಸಿಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿಕೊಳ್ಳಿ. ಮಳೆಗಾಲದ ತೇವದಲ್ಲಿ ಸ್ಟ್ಯಾಟಿಕ್ ಕಡಿಮೆ ನಿಜ, ಫೆಬ್ರವರಿ–ಮಾರ್ಚಿನ ಒಣ ಗಾಳಿಯಲ್ಲಿ ಹಾಗಲ್ಲ.

ಪ್ರೊಸೆಸರ್‌ನ ಬಿಸಿ ಹೀರುವ ಹೀಟ್‌ಸಿಂಕ್ ಕೀಳುವ ವಿಧಾನ ಸಾಕೆಟ್ಟಿಗೆ ತಕ್ಕಂತೆ. 604, 940ರಂಥ ಪಿನ್ ಇರುವ ಹಳೆಯ ಪ್ರೊಸೆಸರ್‌ನಲ್ಲಿ ಎರಡರ ನಡುವೆ ಹಚ್ಚಿದ ಥರ್ಮಲ್ ಪೇಸ್ಟು ಒಣಗಿ ಅಂಟಿನಂತಾಗಿ, ಲಿವರ್ ಬೀಗ ತೆಗೆಯುವ ಮೊದಲೇ ಪ್ರೊಸೆಸರ್ ಹೀಟ್‌ಸಿಂಕ್ ಜೊತೆ ಕಿತ್ತು ಬರುತ್ತದೆ. ಅಂಥದ್ದನ್ನು ಹತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ಆಫ್ ಮಾಡಿ, ನಿಧಾನಕ್ಕೆ ಆಚೀಚೆ ತಿರುಚಿ ಬಿಡಿಸಿ. ಎಲ್‌ಜಿಎ 3647, 4189ರಲ್ಲಿ ಪ್ರೊಸೆಸರ್ ಹೀಟ್‌ಸಿಂಕ್ ಜೊತೆಗೇ ಬರುವುದು ವಿನ್ಯಾಸ. ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಅಂಟಿಕೊಂಡಿರುತ್ತದೆ. ಆದ್ದರಿಂದ ಹೀಟ್‌ಸಿಂಕನ್ನು ನೆಟ್ಟಗೆ ಮೇಲಕ್ಕೆ ಎತ್ತಬೇಕು, ಓರೆ ಮಾಡಿದರೆ ಅಡಿಯ ಅಂಚು ಪಿನ್ನುಗಳನ್ನು ಸವರಿಕೊಂಡು ಹೋಗುತ್ತದೆ.

ಈಗ ಪಿನ್ನು. ಮೇಲಿನಿಂದ ನೇರ ಬೆಳಕು ಹಾಕಿದರೆ ಏನೂ ತಿಳಿಯದು. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಸಾಕೆಟ್ಟಿನ ಅಂಚಿನ ಮಟ್ಟಕ್ಕೆ ಇಳಿಸಿ ಅಡ್ಡಕ್ಕೆ ಹಿಡಿಯಿರಿ. ಸಾಲು ನಾಟಿ ಮಾಡಿದ ಗದ್ದೆಯ ಮೇಲೆ ಸಂಜೆ ಬಿಸಿಲು ಬಿದ್ದಂತೆ ಎಲ್ಲ ಪಿನ್ನಿನ ತುದಿಯೂ ಒಂದೇ ಗೆರೆಯಲ್ಲಿ ಮಿನುಗುತ್ತದೆ. ಬಾಗಿದ್ದು ಮಾತ್ರ ಮಿನುಗುವುದಿಲ್ಲ, ಇಲ್ಲವೇ ತಪ್ಪು ಕಡೆಗೆ ಮಿನುಗುತ್ತದೆ. ಬೆಳಕನ್ನು ನಾಲ್ಕೂ ದಿಕ್ಕಿನಿಂದ ಹಾಕಿ, ಪ್ರತಿ ಸಲವೂ ಜೂಮ್ ಮಾಡಿ ಫೋಟೋ ತೆಗೆಯಿರಿ. ಕಣ್ಣಿಗೆ ದಾಟಿಹೋದದ್ದು ಫೋಟೋದಲ್ಲಿ ಸಿಗುತ್ತದೆ. 3647ರಲ್ಲಿ ಪಿನ್ನಿಂದ ಪಿನ್ನಿಗೆ ಒಂದು ಮಿಲಿಮೀಟರ್ ಕೂಡ ಅಂತರವಿಲ್ಲ. ಅನುಮಾನ ಉಳಿದರೆ ಬೋರ್ಡನ್ನು ಮೊಬೈಲ್ ರಿಪೇರಿ ಅಂಗಡಿಗೆ ಒಯ್ಯಿರಿ. ಐಸಿ ಬೆಸುಗೆಗೆ ಅವರು ಇಟ್ಟುಕೊಳ್ಳುವ ಮೈಕ್ರೋಸ್ಕೋಪ್ ಈ ಕೆಲಸಕ್ಕೆ ಧಾರಾಳ ಸಾಕು.

ಪಿನ್ನಿನ ಬುಡದಲ್ಲಿ ಕಂದು ಬಣ್ಣ ಅಥವಾ ಕರಗಿದ ಪ್ಲಾಸ್ಟಿಕ್ ಕಂಡರೆ ಅದು ಸುಟ್ಟ ಪವರ್ ಪಿನ್. ಆ ಸಾಕೆಟ್‌ಗೆ ಚೆನ್ನಾಗಿರುವ ಇನ್ನೊಂದು ಪ್ರೊಸೆಸರ್ ಹಾಕಬೇಡಿ. ಎರಡು ಪಿನ್ ಒಂದಕ್ಕೊಂದು ತಾಗಿ ನಿಂತಿದ್ದರೂ ಅಷ್ಟೇ. ಪ್ರೊಸೆಸರ್ ಅದಲುಬದಲು ಮಾಡಿ ನೋಡುವ ಪರೀಕ್ಷೆ ಸಾಕೆಟ್ಟನ್ನು ಕಣ್ಣಾರೆ ನೋಡಿದ ಮೇಲೆ ಮಾತ್ರ. ಪಿನ್ನು ಸರಿಯಿದ್ದು ಎರಡು ಪ್ರೊಸೆಸರ್ ಇದ್ದರೆ ಅದಲುಬದಲು ಮಾಡಿ: ದೋಷ ಪ್ರೊಸೆಸರ್ ಹಿಂದೆ ಹೋದರೆ ಅದರ ಮೆಮೊರಿ ಕಂಟ್ರೋಲರ್ ಅಥವಾ ಚುಕ್ಕೆಗಳ ಕೊಳೆ; ಸಾಕೆಟ್‌ನಲ್ಲೇ ಉಳಿದರೆ ಬೋರ್ಡು.

ತೊಳೆಯುವುದು, ನೆಟ್ಟಗೆ ಮಾಡುವುದು

ಪಿನ್ನಿನ ನಡುವೆ ಸಿಲುಕಿದ ಥರ್ಮಲ್ ಪೇಸ್ಟು ಬಾಗಿದ ಪಿನ್ನಿನಷ್ಟೇ ಸಾಮಾನ್ಯ. ತೊಳೆಯಲು 99% ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೆಡಿಕಲ್ ಶಾಪಿನ 70% ಸ್ಪಿರಿಟ್‌ನಲ್ಲಿ ನೀರಿದೆ, ಬೇಡ. ಮೊಬೈಲ್ ರಿಪೇರಿ ಸಾಮಾನು ಮಾರುವವರ ಬಳಿ ಶುದ್ಧದ್ದು ಸಿಗುತ್ತದೆ. ಹನಿ ಹನಿಯಾಗಿ ಬಿಟ್ಟು, ಮೃದು ಬ್ರಶ್ಶಿನಿಂದ ಪಿನ್ನು ಸಹಜವಾಗಿ ಬಾಗಿರುವ ದಿಕ್ಕಿಗೇ ಸವರಿ, ರಬ್ಬರ್ ಬ್ಲೋಯರಿನಿಂದ ಊದಿ. ಹತ್ತಿ ಮುಟ್ಟಿಸಬೇಡಿ: ಎಳೆ ಪಿನ್ನಿನ ಕೊಕ್ಕೆಗೆ ಸಿಕ್ಕಿ, ಕೈ ಹಿಂದಕ್ಕೆ ಎಳೆದಾಗ ಮೂರು ನಾಲ್ಕು ಪಿನ್ ಎದ್ದು ಬರುತ್ತವೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯೂ ಬೇಡ, ಅದರಲ್ಲಿ ನೀರಿನ ಜೊತೆ ಎಣ್ಣೆಯೂ ಇರುತ್ತದೆ. ಪ್ರೊಸೆಸರ್ ಅಡಿಯ ಚುಕ್ಕೆಗಳನ್ನು ಎಳೆ ಬಿಡದ ಬಟ್ಟೆಗೆ ಆಲ್ಕೋಹಾಲ್ ಹಾಕಿ ಒರೆಸಿದರೆ ಸಾಕು. ರಬ್ಬರಿನಿಂದ ಉಜ್ಜುವ ಅಭ್ಯಾಸ ಕೆಲವರಿಗಿದೆ; ಆ ಚಿನ್ನದ ಲೇಪ ಉಜ್ಜಿಸಿಕೊಳ್ಳುವಷ್ಟು ದಪ್ಪವಿಲ್ಲ.

ಬಾಗಿದ ಪಿನ್ನಿಗೆ ಒಳ್ಳೆಯ ಸಾಧನ 0.5 ಮಿ.ಮೀ. ಮೆಕ್ಯಾನಿಕಲ್ ಪೆನ್ಸಿಲ್, ಸೀಸ ತೆಗೆದದ್ದು. ಅದರ ಲೋಹದ ಮೂತಿಯಿಂದ ಪಿನ್ನಿನ ತುದಿಯನ್ನು ಹಿಡಿದು ಅಥವಾ ತಳ್ಳಿ ತಿದ್ದಬಹುದು. ಪಿನ್ ತೀರಾ ಒರಗಿದ್ದರೆ ಸೂಜಿಯಿಂದ ಮೊದಲು ಸ್ವಲ್ಪ ಎತ್ತಿ. ಒಂದೇ ಏಟಿಗೆ ಜಾಗಕ್ಕೆ ತರಲು ಹೋಗಬೇಡಿ. ಕೂದಲೆಳೆಯಷ್ಟು ತಳ್ಳಿ, ಟಾರ್ಚು ಹಿಡಿದು ಪಕ್ಕದ ಪಿನ್ನಿನ ಜೊತೆ ಹೋಲಿಸಿ, ಮತ್ತೆ ತಳ್ಳಿ. ತುದಿಯ ಎತ್ತರವೂ ಪಕ್ಕದವುಗಳಷ್ಟೇ ಇರಬೇಕು. ನೆಟ್ಟಗೆ ಕಂಡರೂ ತಗ್ಗಿನಲ್ಲಿರುವ ಪಿನ್ ಪ್ರೊಸೆಸರನ್ನು ಮುಟ್ಟುವುದಿಲ್ಲ. ಹಿಂದೆ ಮುಂದೆ ಎರಡು ಮೂರು ಸಲ ಬಾಗಿಸಿದರೆ ಬುಡದಲ್ಲಿ ಮುರಿಯುತ್ತದೆ, ಆದ್ದರಿಂದ ಹೊರಟ ದಿಕ್ಕು ತಪ್ಪಬಾರದು.

ಮುರಿದೇ ಹೋದರೆ? ತಕ್ಷಣ ಬೋರ್ಡ್ ಎಸೆಯಬೇಡಿ. ಇ5 ಝಿಯಾನ್ ಸರಣಿಗೆ ಇಂಟೆಲ್‌ನ ಡೇಟಾಶೀಟ್‌ನಲ್ಲಿ ಒಂದೊಂದು ಸಂಪರ್ಕದ ಹೆಸರೂ ಇದೆ, ಅಕ್ಷರ–ಸಂಖ್ಯೆ ಜೋಡಿಯ ವಿಳಾಸದೊಂದಿಗೆ. ತ್ರಿಕೋನದ ಗುರುತಿರುವ ಮೂಲೆಯಿಂದ ದಿಕ್ಕು ಹಿಡಿದು ಎಣಿಸಿ ಹುಡುಕಿ. ಆ ನಕ್ಷೆ ಪ್ರೊಸೆಸರ್‌ನದೋ ಸಾಕೆಟ್‌ನದೋ, ಮೇಲಿನಿಂದ ನೋಡಿದ್ದೋ ಅಡಿಯಿಂದ ನೋಡಿದ್ದೋ ಎಂದು ಮೊದಲೇ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಕನ್ನಡಿಯಲ್ಲಿ ಓದಿದಂತಾಗುತ್ತದೆ. ಗ್ರೌಂಡ್ ಪಿನ್ ಆಗಿದ್ದರೆ ಹಾಗೇ ಓಡಿಸಿ ಲಾಗ್ ಮೇಲೆ ಕಣ್ಣಿಡಿ. ಒಂದು ಚಾನೆಲ್‌ನ ಡೇಟಾ ಪಿನ್ ಆಗಿದ್ದರೆ ಆ ಚಾನೆಲ್ಲಿನ ಸ್ಲಾಟುಗಳನ್ನು ಖಾಲಿ ಬಿಟ್ಟು ಉಳಿದವುಗಳಲ್ಲಿ ದೊಡ್ಡ ಸ್ಟಿಕ್ ಹಾಕಿ. 32 ಜಿಬಿಯ ನಾಲ್ಕನ್ನು ಮೂರು ಚಾನೆಲ್‌ಗೆ ಹಂಚಿದರೂ 128 ಬಂತು. ವೇಗ ಒಂದಿಷ್ಟು ಹೋಗುತ್ತದೆ, ಸಂಘದ ಲೆಕ್ಕದ ತಂತ್ರಾಂಶಕ್ಕೆ ಅದು ಗೊತ್ತೂ ಆಗುವುದಿಲ್ಲ. ಯಾವ ಸ್ಲಾಟು ಖಾಲಿ ಬಿಡಬೇಕು, ಏಕೆ ಎಂದು ಕೇಸಿನ ಮುಚ್ಚಳದ ಒಳಗೆ ಚೀಟಿ ಅಂಟಿಸಿ.

ಮಳೆಗಾಲಕ್ಕೆ ಒಂದು ಮಾತು. ಆಷಾಢದಲ್ಲಿ ವಾರಗಟ್ಟಲೆ ಆಫ್ ಆಗಿದ್ದ ಯಂತ್ರವನ್ನು ನೇರ ಆನ್ ಮಾಡಬೇಡಿ. ಮುಚ್ಚಳ ತೆಗೆದು ಒಂದು ರಾತ್ರಿ ಒಣ ಕೋಣೆಯಲ್ಲಿಡಿ. ಬೀರುವಿನಲ್ಲಿಟ್ಟ ಸರ್ವರ್‌ನ ಖಾಲಿ ಎರಡನೇ ಸಾಕೆಟ್‌ಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಇಟ್ಟಿರಬೇಕು. ಇಲ್ಲದಿದ್ದರೆ ಧೂಳಿನ ಜೊತೆ ಇರುವೆಯೂ ಮನೆ ಮಾಡುತ್ತದೆ.

ಮತ್ತೆ ಕೂರಿಸುವುದು

ಪಿನ್ನು ಸರಿಯಿದ್ದೂ ಚಾನೆಲ್ ಕಾಣದಿದ್ದರೆ ಕಾರಣ ಬಹುಮಟ್ಟಿಗೆ ಒತ್ತಡ. ಒಂದೊಂದು ಸ್ಪ್ರಿಂಗಿಗೆ ಬೇಕಾದ್ದು ಹತ್ತಾರು ಗ್ರಾಂ ಭಾರವಷ್ಟೇ, ಆದರೆ ಸಾವಿರಾರು ಸ್ಪ್ರಿಂಗಿದೆ. ಒಟ್ಟು ಒತ್ತಡ ಒಂದು ಮೂಲೆಗೆ ಹೆಚ್ಚಾದರೆ ಎದುರು ಮೂಲೆ ಏಳುತ್ತದೆ, ಆ ಮೂಲೆಯ ಪಿನ್ ಹೊರುತ್ತಿದ್ದ ಚಾನೆಲ್ ಮಾಯವಾಗುತ್ತದೆ.

ಎಲ್‌ಜಿಎ 2011 ಸಾಕೆಟ್‌ನಲ್ಲಿ ಎರಡು ಲಿವರ್ ಇವೆ. ಯಾವುದು ಮೊದಲು ತೆರೆಯಬೇಕು, ಯಾವುದು ಮೊದಲು ಮುಚ್ಚಬೇಕು ಎಂಬ ಗುರುತು ತಗಡಿನ ಮೇಲೇ ಇದೆ. ಅದೇ ಕ್ರಮ. ಡಿಡಿಆರ್4ರ ಜೊತೆ 2014ರಲ್ಲಿ ಬಂದ 2011-3ರ ಪಿನ್ನಿನ ಸಂಖ್ಯೆ ಅಷ್ಟೇ ಇದ್ದರೂ ಕಚ್ಚುಗಳ ಜಾಗ ಬೇರೆ. ಕೂರದಿದ್ದರೆ ಅದು ಆ ಬೋರ್ಡಿನದಲ್ಲ, ಒತ್ತಬೇಡಿ. ಹೀಟ್‌ಸಿಂಕ್ ಕೊಳ್ಳುವಾಗಲೂ ನೋಡಿ: ಇದಕ್ಕೆ 80×80 ಮಿ.ಮೀ. ಚೌಕದ್ದು ಒಂದು, 56×94 ಮಿ.ಮೀ. ಅಗಲ ಕಡಿಮೆಯದ್ದು ಇನ್ನೊಂದು, ಒಂದರದು ಇನ್ನೊಂದಕ್ಕೆ ಆಗದು.

3647ರಲ್ಲಿ ಲಿವರೇ ಇಲ್ಲ. ಹೀಟ್‌ಸಿಂಕಿನ ಬಿಗಿತವೇ ಪ್ರೊಸೆಸರನ್ನು ಪಿನ್ನಿಗೆ ಒತ್ತುತ್ತದೆ. ಹೀಟ್‌ಸಿಂಕ್ ಸಡಿಲವಾದರೆ ಬಿಸಿಯಾಗುವುದಷ್ಟೇ ಅಲ್ಲ, ರ್‍ಯಾಮೂ ಕಾಣೆಯಾಗುತ್ತದೆ. ನಾಲ್ಕು ನಟ್ಟು, ಟಾರ್ಕ್ಸ್ ಟಿ30 ತುದಿಯ ಸ್ಕ್ರೂಡ್ರೈವರ್, ಲೇಬಲ್ಲಿನ 1-2-3-4 ಕ್ರಮದಲ್ಲಿ 12 ಇಂಚು-ಪೌಂಡ್, ಅಂದರೆ ಸುಮಾರು 1.35 ನ್ಯೂಟನ್-ಮೀಟರ್. ಬಿಚ್ಚುವಾಗ 4-3-2-1. ಅದೇ ಕೈಯಲ್ಲಿ 4189ಕ್ಕೆ ಹೋದರೆ ತಪ್ಪಾಗುತ್ತದೆ, ಅದಕ್ಕೆ 8 ಇಂಚು-ಪೌಂಡ್ ಸಾಕು. ಅಲ್ಲಿ ವಾಲದಂತೆ ಹಿಡಿಯುವ ತಂತಿಕೊಕ್ಕೆಗಳನ್ನು ಮೊದಲು ಹೊರಕ್ಕೆ ಮಡಚಿ ಬೀಗ ಹಾಕಿ, ಆಮೇಲೆ ನಟ್ಟು.

ಎಪಿಕ್‌ನ ಎಸ್‌ಪಿ3 ಈ ವಿಷಯದಲ್ಲಿ ಎಲ್ಲಕ್ಕಿಂತ ಹಠಮಾರಿ. ಪ್ರೊಸೆಸರ್ ಹಳಿಯಲ್ಲಿ ಜಾರಿ ಕೂತ ಮೇಲೆ ಲೋಹದ ಚೌಕಟ್ಟು ಮುಚ್ಚಿ ಮೂರು ಸ್ಕ್ರೂ, ಟಿ20. ಚೌಕಟ್ಟಿಗೆ ಸ್ಪ್ರಿಂಗಿನ ಎದುರೊತ್ತು ಇರುವುದರಿಂದ ಒಂದನೆಯದನ್ನು ಪೂರ್ತಿ ಬಿಗಿದರೆ ಎದುರಿನವೆರಡು ಕಚ್ಚುವುದೇ ಇಲ್ಲ, ಕಚ್ಚಿದರೂ ಅರೆಬರೆ. ಮೊದಲು ಚೌಕಟ್ಟನ್ನು ಕೈಯಲ್ಲಿ ಒತ್ತಿ ಹಿಡಿದು 1-2-3 ಕ್ರಮದಲ್ಲಿ ಮೂರೂ ಎರಡು ಸುತ್ತು ಕಚ್ಚಲಿ, ಆಮೇಲೆ ಅದೇ ಕ್ರಮದಲ್ಲಿ 14 ಇಂಚು-ಪೌಂಡ್, ಸುಮಾರು 1.6 ನ್ಯೂಟನ್-ಮೀಟರ್. ಎಂಟರಲ್ಲಿ ಒಂದೋ ಎರಡೋ ಚಾನೆಲ್ ಕಾಣದ ಎಸ್‌ಪಿ3 ಬೋರ್ಡಿನಲ್ಲಿ ಪಿನ್ನು ತಿದ್ದಲು ಹೋಗುವ ಮೊದಲು ಇದೊಂದನ್ನು ಸರಿಯಾಗಿ ಮಾಡಿ ನೋಡಿ. ಎಎಂಡಿಯ ವರ್ಕ್‌ಸ್ಟೇಷನ್ ಪ್ರೊಸೆಸರ್ ಥ್ರೆಡ್‌ರಿಪ್ಪರ್‌ನ ಹೊಸ ಡಬ್ಬಿಯಲ್ಲಿ ಕಿತ್ತಳೆ ಬಣ್ಣದ ಟಾರ್ಕ್ ಸ್ಕ್ರೂಡ್ರೈವರ್ ಬರುತ್ತಿತ್ತು, ಹಳೆಯ ಎಪಿಕ್ ಬೋರ್ಡಿನ ಜೊತೆ ಯಾರೂ ಕೊಡುವುದಿಲ್ಲ. ಅಂದಾಜಿನ ಕೈ ಇದಕ್ಕೆ ಸಾಲದು, ಟಾರ್ಕ್ ಸ್ಕ್ರೂಡ್ರೈವರ್ ಒಂದು ತಂದಿಟ್ಟುಕೊಳ್ಳಿ. ಥ್ರೆಡ್‌ರಿಪ್ಪರ್‌ನ ಟಿಆರ್4 ಸಾಕೆಟ್ ನೋಡಲು ಎಸ್‌ಪಿ3ರ ಅವಳಿಯಂತೆಯೇ, ಸಂಪರ್ಕ ಅದೇ 4094. ಆದರೆ ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಓಡದು.

ಓಡಿಸಿ ನೋಡುವುದು

ಮೊದಲ ಸಲ ಆನ್ ಮಾಡಿದಾಗ ಮೆಮೊರಿ ತರಬೇತಿಗೆ (ಬೋರ್ಡು ಮೆಮೊರಿಯ ವೇಗವನ್ನು ಹೊಂದಿಸಿಕೊಳ್ಳಲು) ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ಕರೆಂಟು ಕೀಳಬೇಡಿ. ಎದ್ದ ಮೇಲೆ ಲಿನಕ್ಸ್‌ನ ಡಿಎಂಐಡಿಕೋಡ್ ಆದೇಶದ ಟೈಪ್ 17ರಲ್ಲಿ (ಮೆಮೊರಿ ಪಟ್ಟಿ) ಎಲ್ಲ ಸ್ಲಾಟೂ ಇದೆಯೇ ನೋಡಿ. ಕಾರ್ಡುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆದೇಶದಲ್ಲಿ ಪ್ರತಿ ಕಾರ್ಡಿನ ಲಿಂಕ್ ಸಾಮರ್ಥ್ಯವೂ ಈಗಿನ ಲಿಂಕ್ ಸ್ಥಿತಿಯೂ ಒಂದೇ ಅಗಲ ಹೇಳಬೇಕು. ಕಾರ್ಡ್ 16 ಎಂದು, ಸ್ಥಿತಿ 8 ಎಂದು ಇದ್ದರೆ ಮೊದಲು ಆ ಸ್ಲಾಟಿಗೇ 8 ಲೇನ್ ಮಾತ್ರ ಕೊಟ್ಟಿದ್ದಾರೆಯೇ ಎಂದು ಬೋರ್ಡಿನ ಕೈಪಿಡಿಯಲ್ಲಿ ಖಚಿತ ಮಾಡಿಕೊಳ್ಳಿ. ಮೆಮ್‌ಟೆಸ್ಟ್ ಒಂದು ಪೂರ್ತಿ ಸುತ್ತು, ಆಮೇಲೆ ಎರಡು ಗಂಟೆ ಪೂರ್ತಿ ಹೊರೆ. ಈವೆಂಟ್ ಲಾಗ್‌ನಲ್ಲಿ ಇಸಿಸಿ ದೋಷ ಒಂದೂ ಸೇರಿರಬಾರದು.

ಸಂಜೆಗೆ ಆಫ್ ಮಾಡಿ, ಮರುದಿನ ಬೆಳಿಗ್ಗೆ ಯಂತ್ರ ಪೂರ್ತಿ ತಣ್ಣಗಿರುವಾಗ ಮತ್ತೊಮ್ಮೆ ಆನ್ ಮಾಡಿ. ಬಿಸಿಯಾದಾಗ ಮಾತ್ರ ದೋಷ ಬಂದರೆ ಬಿಗಿತ ಸಮವಿಲ್ಲ, ಸ್ಕ್ರೂ ಪೂರ್ತಿ ಸಡಿಲಿಸಿ ಕ್ರಮದಲ್ಲಿ ಮತ್ತೆ ಬಿಗಿಯಿರಿ. ತಣ್ಣಗಿರುವಾಗ ಚಾನೆಲ್ ಕಾಣದೆ, ಅರ್ಧ ಗಂಟೆ ಓಡಿಸಿ ರೀಬೂಟ್ ಮಾಡಿದರೆ ಕಾಣಿಸಿದರೆ ಅನುಮಾನ ಇನ್ನೂ ಕೆಳಗೆ ಇಳಿಯುತ್ತದೆ: ಸಾಕೆಟ್ಟನ್ನು ಬೋರ್ಡಿಗೆ ಕಚ್ಚಿಸಿರುವ ಬೆಸುಗೆಯ ಗುಂಡುಗಳಲ್ಲಿ ಬಿರುಕು. ಭಾರದ ಹೀಟ್‌ಸಿಂಕ್ ಸಮೇತ ಸರ್ವರನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಮಲಗಿಸದೆ ನಿಲ್ಲಿಸಿ ತಂದಿದ್ದರೆ ಹೀಗಾಗಬಹುದು. ಅದನ್ನು ತೊಳೆದು, ತಿದ್ದಿ, ಬಿಗಿದು ಸರಿಮಾಡಲು ಬರುವುದಿಲ್ಲ. ಆ ಗುಂಡುಗಳನ್ನು ಕರಗಿಸುವ ಬಿಜಿಎ ಯಂತ್ರದಲ್ಲಿ ಸಾಕೆಟ್ಟನ್ನೇ ಎಬ್ಬಿಸಿ ಹೊಸದು ಕೂರಿಸಬೇಕು, ಅದಕ್ಕೆ ಬೆಂಗಳೂರಿಗೇ ಕಳಿಸಬೇಕಾದೀತು. ಹಳೆಯ ಎಲ್‌ಜಿಎ 2011 ಬೋರ್ಡಾದರೆ ಆ ಖರ್ಚಿಗಿಂತ ಇನ್ನೊಂದು ಬೋರ್ಡೇ ಅಗ್ಗ. ಕಳಿಸುವುದೇ ಆದರೆ ಹೀಟ್‌ಸಿಂಕ್ ಬಿಚ್ಚಿ ಬೇರೆ ಕಟ್ಟಿ, ಸಾಕೆಟ್‌ಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಬೋರ್ಡನ್ನು ಮಲಗಿಸಿ ಕಳಿಸಿ.